ಪುಲಿಕೇಶಿನಗರದಲ್ಲಿ ಅವ್ವ ಕಾಣೆಯಾದದ್ದು

‘ಒಂದು ಪಾಕೀಟು ಹಾಲು ಕೊಡ್ರಿ’ ಎಂದೆ. ಹಲಸೂರಿನ ಅಂಗಡಿಯವನು ತಮಿಳಿನಲ್ಲಿ ಏನೋ ಕೇಳಿದ. ನಾನು ಮತ್ತೆ ಕನ್ನಡದಲ್ಲೇ ಹೇಳಿದೆ. ಅವನು ಇಂಗ್ಲಿಷಿಗೆ ಹೊರಳಿದ. ಕನ್ನಡ ಕಲಿಸುವ ಕೆಲಸ ಸಿಕ್ಕಿತೆಂದು ಕಲಬುರಗಿಯಿಂದ ರಾಜಧಾನಿಗೆ ಬಂದಿಳಿದ ನನಗೆ ಮೊದಲ ಬೆಳಗಿನ ಸ್ವಾಗತ ಅದು!

ಶಾಲೆ ಇದ್ದದ್ದು ಪುಲಿಕೇಶಿನಗರದಲ್ಲಿ. ಹಾಗೆಂದರೆ ಆಟೋದವರು ಮುಖ ನೋಡುತ್ತಾರೆ, ‘ಫ್ರೇಜರ್ ಟೌನ್’ ಎಂದರೆ ‘ಹತ್ತಿ’ ಎನ್ನುತ್ತಾರೆ. ನಮ್ಮೂರಲ್ಲಿ ಗುರುತಿದ್ದವರೊಬ್ಬರ ಹೆಸರು ಹೇಳಿದರೆ ಬಾಡಿಗೆ ಮನೆಯ ಬಾಗಿಲು ತೆರೆಯುತ್ತದೆ. ಇಲ್ಲಿ ನನ್ನ ಗುರುತಿನವರು ಅಂತ ಇದ್ದದ್ದು ಜೊತೆಗೆ ಬಂದ ಅವ್ವ ಒಬ್ಬಳೇ. ಹಲಸೂರಿನ ತಾತ್ಕಾಲಿಕ ಕೋಣೆಯನ್ನು ತಿಂಗಳಾಖೈರಿಗೆ ಬಿಡಬೇಕಿತ್ತು.

ಕುಕ್ ಟೌನಿನ ಹಳೆಯ ಬಂಗಲೆಯೊಂದರ ಒಡತಿ ಹೇಳಿದರು: ‘ಫ್ಯಾಮಿಲಿಗೆ ಮಾತ್ರ ಕೊಡೋದು.’

‘ನಾನು, ನಮ್ಮವ್ವ. ನಾವು ಫ್ಯಾಮಿಲಿ ಅಲ್ಲೇನ್ರಿ?’

‘ಗಂಡಸರು?’

ಬಾಣಸವಾಡಿಯಲ್ಲೂ ಅದೇ ಪ್ರಶ್ನೆ. ಮತ್ತೊಂದು ಕಡೆ ನಮ್ಮ ಜಾತಿ, ಅಡುಗೆ ಎಲ್ಲ ವಿಚಾರಿಸಿ, ಕೊನೆಗೆ ‘ರೊಟ್ಟಿ ಬಡಿದರೆ ಕೆಳಗಿನವರಿಗೆ ಸದ್ದಾಗುತ್ತೆ’ ಎಂದರು. ಜೋಳದ ರೊಟ್ಟಿಯೂ ಅಪರಾಧ!

ಒಂದು ಶನಿವಾರ ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ ಮನೆ ನೋಡಲು ಮೂರನೇ ಮಹಡಿ ಹತ್ತಬೇಕಾಯಿತು. ಕಾಲುನೋವೆಂದು ಅವ್ವ ಕೆಳಗಿನ ಕಟ್ಟೆಯ ಮೇಲೆ ಕುಳಿತಳು. ಮನೆ ಆಗಲೇ ಬೇರೆಯವರ ಪಾಲಾಗಿತ್ತು. ಸಿಡುಕುತ್ತ ಇಳಿದು ಬಂದರೆ ಕಟ್ಟೆ ಖಾಲಿ. ಅವಳ ಫೋನು ನನ್ನ ಚೀಲದಲ್ಲೇ ಇತ್ತು.

ಇಳಕಲ್ ಸೀರೆಯ ಮುದುಕಿಯನ್ನು ಕಂಡಿರಾ ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಬೇಕರಿಯವನು ತಮಿಳಿನಲ್ಲಿ ಎಡಕ್ಕೆ ತೋರಿಸಿದ, ಚರ್ಚಿನ ಗೇಟಿನ ಬಳಿಯ ಹೆಂಗಸು ಇಂಗ್ಲಿಷಿನಲ್ಲಿ ಬಲಕ್ಕೆ. ಈ ಊರಿಗೆ ಅವಳನ್ನು ಯಾಕೆ ಕರೆತಂದೆನೋ ಎಂದು ನನ್ನನ್ನೇ ಬೈದುಕೊಳ್ಳುತ್ತ ಓಣಿ ತಿರುಗಿದಾಗ, ಹಸಿರು ಬಾಗಿಲೊಂದರ ಒಳಗಿಂದ ಅವ್ವನ ನಗು ಕೇಳಿಸಿತು.

ಒಳಗೆ ಅವ್ವ ಮಂಚದ ಮೇಲೆ ಕಾಲು ಮಡಚಿ ಕುಳಿತು, ಅವಳದೇ ವಯಸ್ಸಿನ ಹೆಂಗಸೊಬ್ಬಳ ಜೊತೆ ದಖ್ಖನಿಯಲ್ಲಿ ಹರಟುತ್ತಿದ್ದಳು. ಕಲಬುರಗಿಯ ನಮ್ಮ ನೆರೆಮನೆಯವರಿಂದ ಬಂದ ಉರ್ದು ಅದು.

‘ಎಲ್ಲಿ ಹೋಗಿದ್ದೀ ಅವ್ವಾ? ಜೀವ ಹೋಗಿತ್ತು ನಂದು!’

‘ಯಾಕ ಒದರ್ತಿ? ಬಿಸಲಿಗೆ ತಲಿ ತಿರುಗ್ತು. ಜೈಬುನ್ನೀಸಾ ಒಳಗ ಕರದ್ಲು. ಮ್ಯಾಲಿನ ಮನಿ ಖಾಲಿ ಅದ ಅಂತ, ಮಾತಾಡೀನಿ.’

ನಾನು ಬೇಸತ್ತು ಮೊದಲೇ ಹೇಳಿಬಿಟ್ಟೆ: ‘ನಮ್ಮನೇಲಿ ಗಂಡಸರಿಲ್ಲ.’

‘ಇಲ್ಲಿ ಮಾತ್ರ ಯಾರವ್ರೆ ಗಂಡಸ್ರು, ಅಮ್ಮಾ?’ ಎಂದು ಜೈಬುನ್ನೀಸಾ ಚಹಾ ಮುಂದಿಟ್ಟರು.

ತಿಂಗಳಿಡೀ ನನ್ನ ಕನ್ನಡಕ್ಕೆ ಸಿಗದ ಮನೆ ಅವ್ವನ ದಖ್ಖನಿಗೆ ಒಂದು ಲೋಟ ಚಹಾದಲ್ಲಿ ಸಿಕ್ಕಿತ್ತು. ನಿಜ ಹೇಳುತ್ತೇನೆ, ಖುಷಿಗಿಂತ ಮೊದಲು ನನಗೆ ಬಂದದ್ದು ಸಿಟ್ಟು.

ಆ ಮನೆಯಲ್ಲೀಗ ಅವ್ವ ರೊಟ್ಟಿ ಬಡಿದರೆ ಕೆಳಗಿನಿಂದ ಖಾಲಿ ತಟ್ಟೆ ಬರುತ್ತದೆ. ತರಗತಿಯಲ್ಲಿ ಮಕ್ಕಳು ‘ಮಿಸ್, ನಿಮ್ದು ಬೇರೆ ಕನ್ನಡ’ ಎಂದು ನಗುತ್ತಾರೆ. ಬೇಸಿಗೆ ರಜೆಗೆ ಅವ್ವನ ಜೊತೆ ಕಲಬುರಗಿಯ ಅಕ್ಕನ ಮನೆಗೆ ಹೋದಾಗ ಬಾಳೆಹಣ್ಣಿನವನು ನನ್ನ ಮಾತು ಕೇಳಿ, ‘ಬೆಂಗಳೂರವರೇನ್ರಿ?’ ಎಂದು ರೇಟು ಏರಿಸಿದ.

ಅಲ್ಲಿಗೆ ಹೋಗಿ ಎರಡು ದಿನವಾಗಿರಲಿಲ್ಲ, ರಾತ್ರಿ ಮಲಗಿದ್ದ ಅವ್ವ ಕೇಳಿದಳು: ‘ಮನಿಗಿ ಯಾವಾಗ ಹೋಗೋದು?’

‘ಯಾವ ಮನಿಗವ್ವಾ?’

‘ಯಾವುದರೆ ಆಗಲಿ, ತಲಿ ತಿನಬ್ಯಾಡ. ಟಿಕೇಟ್ ತಗಿಸು’ ಎಂದು ರೇಗಿ ಮಗ್ಗುಲು ಬದಲಿಸಿದಳು.