ನೀರು ಕುಡಿದ ನಲ್ಲಿ

ಆಷಾಢದ ಕೊನೆಯ ಗುರುವಾರ, ಬೆಳಿಗ್ಗೆ ಆರು ಗಂಟೆ. ಗೌರಿಬಿದನೂರಿನ ನಮ್ಮ ಬೀದಿಯ ತುದಿಯಲ್ಲಿ ಹಾಜರಿದ್ದವರು ಮೂವರು: ನಾನು, ನೀರು ಬಿಡುವ ವಾಲ್ವ್‌ಮನ್, ಕೊನೆಯಿಂದ ಎರಡನೇ ಮನೆಯ, ಬೀದಿಯವರೆಲ್ಲ ಅಕ್ಕ ಎಂಬರ್ಥದಲ್ಲಿ ಆಪಾ ಎಂದು ಕರೆಯುವ ಹೆಂಗಸು. ಕೊನೇ ಮನೆಯ ಅಜ್ಜಿ ತಮ್ಮ ಹೊಸ್ತಿಲ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದರು. ಆಗಿನ್ನೂ ಅವರು ಬರೀ ಪ್ರೇಕ್ಷಕರು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಬೀದಿಯವರಿಗೆ ಈಗಲೂ ಸಿಸ್ಟರಮ್ಮ. ನೀರಿನ ಕಚೇರಿಯವರು ಪರೀಕ್ಷೆಯ ಪೆಟ್ಟಿಗೆಯೊಂದನ್ನು ನನ್ನ ವಶಕ್ಕೆ ಕೊಟ್ಟಿದ್ದಾರೆ. ಗಾಜಿನ ನಳಿಕೆಯಲ್ಲಿ ನಲ್ಲಿ ನೀರು ಹಿಡಿದು, ಔಷಧಿಯ ಕೆಲವು ಹನಿ ಹಾಕುವುದು. ಹಳದಿಗೆ ತಿರುಗಿದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆ, ಕುಡಿಯಬಹುದು. ಬಣ್ಣ ಬರದಿದ್ದರೆ ಟ್ಯಾಂಕಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಯಾವುದೋ ಕೊಳೆ ಅದನ್ನು ತಿಂದುಹಾಕಿದೆ ಎಂದರ್ಥ. ಬೀದಿಯ ತಲೆಯ ಮನೆಗಳಲ್ಲಿ ಹಳದಿ ಬರುತ್ತಿತ್ತು, ನಡುವಿನ ಮನೆಗಳಲ್ಲೂ ಬರುತ್ತಿತ್ತು. ಆಪಾ ಮನೆಯಲ್ಲಿ ಮಾತ್ರ ನೀರು ಬಂದ ಹೊಸದರಲ್ಲಿ ಬಣ್ಣವೂ ಇಲ್ಲ, ಮೇಲಾಗಿ ಚರಂಡಿಯ ವಾಸನೆ. ಎರಡು ಕಡೆ ರಸ್ತೆ ಅಗೆಸಿ ನೋಡಿದ್ದಾಯಿತು, ಕೊಳವೆ ಒಡೆದಿರಲಿಲ್ಲ. ಅಂದು ಸಂಜೆಯೊಳಗೆ ಸರಿಹೋಗದಿದ್ದರೆ ಬೀದಿಯ ಕೊಳವೆ ಮುಚ್ಚಿ ಟ್ಯಾಂಕರ್ ಕಳಿಸುವುದಾಗಿ ಕಚೇರಿಯವರು ಹೇಳಿದ್ದರು. ಅವರು ಹೇಳಿದ್ದು ನ್ಯಾಯವೇ.

ಆದರೆ ಆಪಾಗೆ ಅದು ಬರೀ ನೀರಿನ ಮಾತಾಗಿರಲಿಲ್ಲ. ಅವರ ಮಗಳಿಗೆ ಚೊಚ್ಚಲ ಹೆರಿಗೆಯಾಗಿ, ಮಾರನೇ ದಿನ ಆಸ್ಪತ್ರೆಯಿಂದ ಮನೆಗೆ ಬರುವುದಿತ್ತು.

"ಅಲೀಪುರದಿಂದ ಬೀಗಿತ್ತಿ ಫೋನ್ ಮಾಡಿದ್ರು ಸಿಸ್ಟರಮ್ಮ," ಎಂದರು ಆಪಾ. "ನಿಮ್ ಗಲ್ಲಿ ನೀರು ಸರಿ ಇಲ್ವಂತಲ್ಲ, ಬಾಣಂತೀನ ಸೀದಾ ನಮ್ಮನೆಗೇ ಕರ್ಕೊಂಡು ಹೋಗ್ತೀವಿ ಅಂತಾರೆ. ತೊಟ್ಟಿಲು ತೊಳೆದು ಇಟ್ಟಿದ್ದೀನಿ. ಏನಂತ ಹೇಳ್ಲಿ ಅವರಿಗೆ?"

"ಸಂಜೆ ಹೇಳ್ತೀನಿ ಅನ್ನಿ," ಎಂದೆ. ವಾರ್ಡಿನಲ್ಲಿ ಕಲಿತ ಪಾಠ ಅದು. ಪರೀಕ್ಷೆಯಾಗದೆ ಸಮಾಧಾನವನ್ನೂ ಹೇಳಬಾರದು, ಹೆದರಿಕೆಯನ್ನೂ ಹುಟ್ಟಿಸಬಾರದು.

ಅಂದು ನಾನು ಕ್ರಮ ಬದಲಿಸಿದೆ. ಇಷ್ಟು ದಿನ ನೀರು ಬರುವಾಗ ನೋಡಿದ್ದೆವು. ಇವತ್ತು ನಿಲ್ಲುವಾಗ ನೋಡೋಣ ಎಂದೆ. ವಾಲ್ವ್‌ಮನ್ ಹೋಗಿ ವಾಲ್ವ್ ಮುಚ್ಚಿದ. ನಾನು ಬೀದಿಯ ತುದಿಯಲ್ಲಿ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ಅಂಗಳದಿಂದ ಒಂದು ಸದ್ದು ಬಂತು: ಗೊರ್ರ್, ಗೊರ್ರ್, ಆಮೇಲೆ ಸೊರ್ರನೆ ಎಳೆದಂತೆ. ಕೂಸಿನ ಗಂಟಲಿನ ಕಫ ತೆಗೆಯುವ ಸಕ್ಷನ್ ಯಂತ್ರದ ಸದ್ದು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ. ಇದು ಅದೇ ಜಾತಿಯ ಸದ್ದು.

ಅಂಗಳದಲ್ಲಿ ನಲ್ಲಿಯ ಗುಂಡಿ ಇತ್ತು. ಹಿಂದೆ ನೀರಿಗೆ ಒತ್ತಡವಿಲ್ಲದ ಕಾಲದಲ್ಲಿ ಎಲ್ಲರೂ ನೆಲ ಅಗೆದು, ಕೆಳಗೆ ಇಳಿದು ನೀರು ಹಿಡಿಯುತ್ತಿದ್ದೆವು. ಉಳಿದವರು ಗುಂಡಿ ಮುಚ್ಚಿಸಿದ್ದರು, ಅಜ್ಜಿ ಮುಚ್ಚಿಸಿರಲಿಲ್ಲ. ನಲ್ಲಿಯನ್ನು ಸದಾ ತೆರೆದಿಟ್ಟು, ಅದರ ಕೆಳಗೆ ಎಣ್ಣೆ ಡಬ್ಬ ಬೋರಲು ಹಾಕಿದ್ದರು. ನೀರು ಬಂದರೆ ಡಬ್ಬ ಢಣಢಣ ಅನ್ನುತ್ತದೆ, ಒಳಗಿದ್ದರೂ ಎಚ್ಚರವಾಗುತ್ತದೆ. ಅವರು ಎದ್ದು ಬರುವಷ್ಟರಲ್ಲಿ ಮೊದಲ ನೀರು ಗುಂಡಿಗೇ ಹೋಗಿರುತ್ತಿದ್ದರಿಂದ ಅವರ ಕೊಡಕ್ಕೆ ಕೊಳೆ ಬೀಳುತ್ತಿರಲಿಲ್ಲ. ಹಿಡಿದು ಮುಗಿದ ಮೇಲೆ ಗುಂಡಿ ತುಂಬಿ ನಲ್ಲಿಯ ಬಾಯಿ ಮುಳುಗಿರುತ್ತಿತ್ತು. ಪಕ್ಕದ ಚರಂಡಿಯೂ ಅಲ್ಲಿಗೇ ಜಿನುಗುತ್ತಿತ್ತು.

ಬೀದಿಯ ನಡುಭಾಗ ತಗ್ಗು. ವಾಲ್ವ್ ಮುಚ್ಚಿದ ಮೇಲೂ ಅಲ್ಲಿನ ನಲ್ಲಿಗಳಲ್ಲಿ ನೀರು ಇಳಿಯುತ್ತಿರುತ್ತದೆ. ಆಗ ಖಾಲಿಯಾದ ಕೊಳವೆ ಈ ಗುಂಡಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮತ್ತೆ ನೀರು ಬಿಟ್ಟಾಗ ಅದೇ ಕೊಳೆ ಆಪಾ ಮನೆಯ ಕೊಡಕ್ಕೆ.

"ಅಜ್ಜಮ್ಮ, ನಿಮ್ಮ ನಲ್ಲಿ ಗುಂಡಿ ನೀರು ಕುಡೀತಾ ಇದೆ," ಎಂದೆ.

ಅಜ್ಜಿ ವಾಲ್ವ್‌ಮನ್ ಕಡೆ ತಿರುಗಿದರು. "ಏಮಿರಾ, ಸಿಸ್ಟರಮ್ಮಂಗೆ ಬಿಸಿಲು ಹತ್ತೋಯ್ತಾ ಇಷ್ಟೊತ್ತಿಗೇ? ನಲ್ಲಿ ನೀರು ಕೊಡ್ತದೆ. ಕುಡಿಯಕ್ಕೆ ಅದೇನು ಎಮ್ಮೇನಾ?"

"ತೋರಿಸ್ತೀನಿ. ಗುಂಡಿಗೆ ಬಣ್ಣ ಹಾಕೋಣ."

"ಅರಿಸಿನ ತರ್ಲಾ?" ಎಂದರು ಆಪಾ.

"ಬೇಡಿ. ನನ್ನ ಪರೀಕ್ಷೆಯ ಬಣ್ಣಾನೂ ಹಳದಿ. ಆಮೇಲೆ ಜಗಳ ಬಗೆಹರಿಯಲ್ಲ."

ಆಪಾ ತಮ್ಮ ಮನೆಗೆ ಓಡಿ, ಬೀಟ್ರೂಟ್ ಬೇಯಿಸಿದ ನೀರು ತಂದು ಗುಂಡಿಗೆ ಸುರಿದರು. ಮತ್ತೆ ನೀರು ಬಿಡಿಸಿ, ಮತ್ತೆ ಮುಚ್ಚಿಸಿದೆ. ಗೊರ್ರ್, ಸೊರ್ರ್. ನಮ್ಮ ಕಣ್ಣೆದುರಿಗೇ ಗುಂಡಿಯ ಕೆಂಪು ನೀರು ತಗ್ಗುತ್ತಾ ಹೋಯಿತು. ಅಜ್ಜಿ ಹೊಸ್ತಿಲಿನಿಂದ ಎದ್ದು ಬಂದು ಬಗ್ಗಿ ನೋಡಿದರು. ಮೂರನೇ ಸಲ ನೀರು ಬಿಡಿಸಿ ಎಲ್ಲರೂ ಆಪಾ ನಲ್ಲಿಯ ಮುಂದೆ ನಿಂತೆವು. ಮೊದಲು ಗಾಳಿ ಬುಸ್ಸೆಂದಿತು. ಹಿಂದೆಯೇ ಗುಲಾಬಿ ಬಣ್ಣದ ನೀರು ಬಿಳಿ ಬಕೆಟ್ಟಿಗೆ ಬಿತ್ತು.

"ನೋಡಮ್ಮ, ನಿನ್ ಎಮ್ಮೆ ಕಕ್ತಾ ಐತೆ," ಎಂದ ವಾಲ್ವ್‌ಮನ್.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಕೈಯಲ್ಲಿ ಗಾಜಿನ ನಳಿಕೆ ಇತ್ತು, ತಟ್ಟಲಿಲ್ಲ.

ಅಜ್ಜಿ ಬಕೆಟ್ ನೋಡಿದರು, ಆಪಾ ಮುಖ ನೋಡಿದರು. "ಆ ಮಗೂಗೂ ಇದೇ ನೀರು ಕುಡಿಸ್ತಿದ್ರೇನೋ," ಎಂದರು. ಮರುಗಳಿಗೆಯೇ ದನಿ ಏರಿತು: "ಗುಂಡಿ ಮುಚ್ಚಿ, ಬೇಡ ಅನ್ನಲ್ಲ. ನೀರು ಮೇಲಕ್ಕೆ ಹತ್ತದಿದ್ರೆ? ಡಬ್ಬ ಸದ್ದು ಮಾಡದಿದ್ರೆ ನೀರು ಬಂದಿದ್ದು ನಂಗೆ ಗೊತ್ತಾಗೋದು ಹೆಂಗೆ?"

"ಹೊಸ ಟ್ಯಾಂಕು ಎಷ್ಟು ಎತ್ತರಕ್ಕೈತೆ ನೋಡಿದ್ದೀಯಾ? ಹತ್ತದೆ ಏನ್ಮಾಡ್ತದೆ? ನೀರು ಬಿಡೋವಾಗ ನಾನು ಸೀಟಿ ಊದ್ತೀನಿ," ಎಂದ ವಾಲ್ವ್‌ಮನ್.

"ನಿನ್ ಸೀಟಿ ನನ್ ಕಿವಿಗೆ ಬೀಳಲ್ಲ."

"ನಾನು ಬಂದು ಬಾಗಿಲು ಬಡೀತೀನಿ ಬಿಡಿ ಅಜ್ಜಮ್ಮ," ಎಂದರು ಆಪಾ. ಆ ವಾರವೆಲ್ಲ ಅವರಿಬ್ಬರಿಗೂ ಮಾತಿರಲಿಲ್ಲ. ನೀರು ಕೆಡಿಸಿದ್ದು ನೀವು, ಅಲ್ಲ ನೀವು ಎಂಬ ವಾದ.

ಮಧ್ಯಾಹ್ನದೊಳಗೆ ವಾಲ್ವ್‌ಮನ್ ಹಳೆಯ ನಲ್ಲಿ ಬಿಚ್ಚಿ, ಕಬ್ಬಿಣದ ಕೊಳವೆಯನ್ನು ಸೊಂಟದೆತ್ತರಕ್ಕೆ ಏರಿಸಿ ಹೊಸ ನಲ್ಲಿ ಕೂರಿಸಿದ. ಗುಂಡಿಗೆ ಜಲ್ಲಿ, ಮಣ್ಣು ಬಿತ್ತು. ಅಜ್ಜಿ ತಾವೇ ಡಬ್ಬವನ್ನು ತೆಗೆದು ತುಳಸಿಕಟ್ಟೆಯ ಪಕ್ಕ ಇಟ್ಟರು. ಬೀದಿಯ ಕೊಳವೆಗೆ ಬ್ಲೀಚಿಂಗ್ ನೀರು ಹಾಯಿಸಿ, ನೆನೆಯಲು ಬಿಟ್ಟು, ಕೊನೆಯ ಹನಿಯವರೆಗೆ ಹೊರಗೆ ಚೆಲ್ಲಿಸಿದೆ. ಅಲ್ಲಿಯವರೆಗೆ ಯಾರೂ ಕೊಡ ಹಿಡಿಯಬಾರದು ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ.

ಸಂಜೆ ಸೀಟಿ ಕೇಳಿತು. ಆಪಾ ಹೋಗಿ ಅಜ್ಜಿಯ ಬಾಗಿಲು ಬಡಿದರು. ಹೊಸ ನಲ್ಲಿ ತಿರುಗಿಸಿದರೆ ಏನೂ ಇಲ್ಲ. ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದರು. ಇನ್ನೇನು ಬೈಗುಳ ಬರಬೇಕು, ಅಷ್ಟರಲ್ಲಿ ನಲ್ಲಿ ಕೆಮ್ಮಿತು, ನೀರು ಧಾರೆಯಾಗಿ ಸುರಿಯಿತು. ಬಗ್ಗದೆ, ಇಳಿಯದೆ, ನಿಂತ ನಿಲುವಿನಲ್ಲೇ ಅಜ್ಜಿ ಕೊಡ ಹಿಡಿದರು.

"ಇಷ್ಟು ಕಾಲ ಸುಮ್ನೆ ಗುಂಡಿ ಹತ್ತಿ ಇಳಿದ್ನಲ್ಲೇ!" ಎಂದು ತಮ್ಮನ್ನೇ ಬೈದುಕೊಂಡರು.

ನಾನು ಆಪಾ ನಲ್ಲಿಯ ಮೊದಲ ನೀರನ್ನೇ ನಳಿಕೆಗೆ ಹಿಡಿದೆ. ವಾಸನೆ ಇರಲಿಲ್ಲ. ಹನಿ ಹಾಕಿ ಅಲ್ಲಾಡಿಸಿದೆ. ತಳದಿಂದ ಹಳದಿ ಎದ್ದು ನಳಿಕೆಯ ತುಂಬ ಹರಡಿತು, ಪೆಟ್ಟಿಗೆಯ ಬಣ್ಣದ ಪಟ್ಟಿಯಲ್ಲಿರುವ ಸರಿಯಾದ ಹಳದಿ. ಆಮೇಲೆ ಅಜ್ಜಿಯ ನಲ್ಲಿ. ಅಲ್ಲೂ ಹಳದಿ. ಕಚೇರಿಗೆ ಫೋನ್ ಮಾಡಿ, ಕೊಳವೆ ಮುಚ್ಚಬೇಕಾಗಿಲ್ಲ, ಬಂದು ನೋಡಿಕೊಂಡು ಹೋಗಿ ಎಂದೆ. ಬಂದರು, ನೋಡಿದರು, ಸರಿ ಎಂದರು.

ಆಪಾ ಅಲೀಪುರಕ್ಕೆ ಫೋನ್ ಹಚ್ಚಿದ್ದರು. ಉರ್ದುವಿನಲ್ಲಿ ಏನೇನೋ ಆಯಿತು. ಕೊನೆಗೆ ನಮಗೆಲ್ಲ ಕೇಳಲೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು: "ಮಗು ನಾಳೆ ಇಲ್ಲಿಗೇ ಬರ್ತದೆ! ನೀವೂ ಬನ್ನಿ, ನಮ್ ನೀರಲ್ಲೇ ಚಾ ಮಾಡಿ ಕೊಡ್ತೀನಿ!"

ನಾನು ಮನೆಗೆ ಬಂದು ನಳಿಕೆಗಳನ್ನು ತೊಳೆದೆ, ಪೆಟ್ಟಿಗೆಯಲ್ಲಿ ಬೋರಲು ನಿಲ್ಲಿಸಿ ಮುಚ್ಚಳ ಹಾಕಿದೆ.