ರೇವವ್ವನ ಮಗಳು ನಿಂಬೆ ಶೆಡ್ ಬಿಟ್ಟದ್ದು

ರೇವವ್ವ ದೇವರ ಹಿಪ್ಪರಗಿಯ ಕಡೆಯವಳು. ಓರಗೆಯ ಹುಡುಗಿಯರು ಪಾಟಿ ಹಿಡಿದು ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ತೊಗರಿ ಹೊಲದಲ್ಲಿ ಕುರ್ಚಿಗಿ ಹಿಡಿದು ಕಳೆ-ಕಸ ತೆಗೆಯುತ್ತಿದ್ದಳು. ಅದನ್ನು ಯಾರೂ ದುಡಿಮೆ ಎನ್ನಲಿಲ್ಲ. ಯಾರಾದರೂ ಕೇಳಿದರೆ ‘ಅವ್ವನ ಹಿಂದ ಹೋಗ್ಯಾಳ’ ಎಂದರು, ಅಷ್ಟೇ.

ಮದುವೆಯಾಗಿ ಇಂಡಿಗೆ ಬಂದ ಮೇಲೆ ಊರ ಹೊರಗಿನ ಕಾಂತು ಸಾವಕಾರನ ಶೆಡ್ಡಿನಲ್ಲಿ ನಿಂಬೆಕಾಯಿ ಆರಿಸುವ ಕೆಲಸ ಹಿಡಿದಳು. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ, ಕಲೆ ಬಿದ್ದವು ಇನ್ನೊಂದು ಕಡೆ. ಗಂಡ ಧೂಳಪ್ಪ ಹಮಾಲ. ಚೀಲ ಹೇರಿ ಲಾರಿಯ ಜೊತೆಗೇ ಹೈದರಾಬಾದಿಗೋ ಪುಣೆಗೋ ಹೋದನೆಂದರೆ ಮತ್ತೆ ಮನೆಯ ಮುಖ ಕಾಣುವುದು ಯಾವಾಗಲೋ. ಹುಳಿರಸ ಕುಡಿದು ಕುಡಿದು ರೇವವ್ವನ ಬೆರಳ ಸಂದುಗಳು ಬಿರುಕು ಬಿಟ್ಟಿದ್ದವು. ಆಮೇಲೆ ಬಲಗೈ ಮಣಿಕಟ್ಟು ಬಾತುಕೊಂಡಿತು. ದವಾಖಾನೆಯಲ್ಲಿ ಕೈಗೆ ವಿಶ್ರಾಂತಿ ಕೊಡು ಎಂದರು. ಹೂಂ ಎಂದು ತಲೆಯಾಡಿಸಿ, ಮರುದಿನ ಮತ್ತೆ ರಾಶಿಯ ಮುಂದೆ ಬಂದು ಕುಳಿತಳು.

ಅವಳ ಕೈ ನಿಧಾನವಾದದ್ದು ಕಾಂತುವಿನ ಕಣ್ಣಿಗೆ ಬಿತ್ತು.

“ರೇವಕ್ಕಾ, ಮಗಳನ್ನ ಕರಕೊಂಡು ಬಾ. ನಿನ್ನ ಬಾಜೂಕ ಕುಂದ್ರಲಿ. ಅವ್ವಗ ಕೈಯಾಸರ ಆದ್ರ ತಪ್ಪೇನೈತಿ?”

ಮಗಳು ಭುವನೇಶ್ವರಿಗೆ ಹನ್ನೆರಡು ವರ್ಷ, ಏಳನೆಯ ಇಯತ್ತೆ. ಮೊದಮೊದಲು ರವಿವಾರಕ್ಕಷ್ಟೇ ಬಂದಳು. ನಂತರ ಶನಿವಾರವೂ ಸೇರಿತು. ಲಾರಿ ಬೇಗ ತುಂಬಬೇಕಾದ ದಿನ ನಡುವಾರದಲ್ಲೂ ಶಾಲೆ ತಪ್ಪಿತು. ಮಾಸ್ತರರು ಕೇಳಿದಾಗ ರೇವವ್ವ, “ನಾ ಜೋಡಿನ ಇರ್ತೇನಲ್ರಿ” ಎಂದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಲಿಲ್ಲ. ತನ್ನ ಮಗಳು, ತನ್ನ ಮಗ್ಗುಲಲ್ಲಿ. ಇದರಲ್ಲಿ ಕಾನೂನಿಗೇನು ಕೆಲಸ?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಜೀಪು ನಿಂತಿತು. ಕಾಂತು ಒಳಗೆ ಓಡಿಬಂದ. ಭುವನೇಶ್ವರಿಯನ್ನೂ, ರೇವವ್ವನ ಜೊತೆ ಆರಿಸುತ್ತಿದ್ದ ಸಗೀರಾ ಎಂಬವಳ ಕಿರಿ ಮಗಳು ಹುಮಾಳನ್ನೂ ಖಾಲಿ ಕ್ರೇಟುಗಳ ಹಿಂದೆ ತಳ್ಳಿ, ಮೇಲೆ ತಾಡಪಾಲು ಎಳೆದ. “ಉಸರು ಬಿಟ್ಟೀರಿ, ನೋಡ್ರಿ ಮತ್ತ” ಎಂದು ಹೆಂಗಸರ ಕಡೆ ಕಣ್ಣು ಹಾಯಿಸಿದ.

ಬಂದವರು ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ, ಮಕ್ಕಳ ಸಹಾಯವಾಣಿಯ ಫಿರದೋಸ್ ಎಂಬ ಹೆಣ್ಣುಮಗಳು, ಒಬ್ಬ ಪೊಲೀಸ. ಇಲ್ಲಿ ಸಣ್ಣ ಹುಡುಗರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಕಾಂತು ನಕ್ಕು, ಚಹಾ ತರಿಸಲೇ ಎಂದ. ರೇವವ್ವ ತಲೆ ಎತ್ತಲಿಲ್ಲ. ದಪ್ಪನೆಯವು, ಸಣ್ಣವು, ಕಲೆಯವು. ತಗಡಿನ ಮಾಡಿನ ಕೆಳಗೆ ಕುಳಿತವರಿಗೇ ಉಸಿರು ಕಟ್ಟುವ ಸೆಕೆ. ತಾಡಪಾಲಿನೊಳಗೆ ಹೇಗಿದ್ದೀತು? ಅಧಿಕಾರಿ ಏನೋ ಬರೆದುಕೊಳ್ಳುತ್ತಿದ್ದ. ಇನ್ನೇನು ಹೊರಟೇ ಹೋಗುತ್ತಾರೆ ಎನ್ನುವಾಗ ಒಳಗಿನಿಂದ ಕೆಮ್ಮು ಕೇಳಿತು. ಬಾಯಿಗೆ ಕೈ ಒತ್ತಿಕೊಂಡು ಕೆಮ್ಮಿದ ಕೆಮ್ಮು. ಅದು ಯಾರದೆಂದು ರೇವವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಎದ್ದು ಹೋಗಿ ತಾಡಪಾಲು ಎಳೆದಳು.

“ನನ್ನ ಮಗಳ್ರಿ” ಎಂದಳು. “ಸಾಯ್ತಾಳ ಇಲ್ಲೇ.”

ಭುವನೇಶ್ವರಿ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಅವ್ವನ ಮುಖ ನೋಡಲಿಲ್ಲ. ಹುಮಾ ಅಳತೊಡಗಿದಳು. ಫಿರದೋಸ್ ಇಬ್ಬರಿಗೂ ನೀರು ಕುಡಿಸಿ, ಗಾಳಿಗೆ ಕೂರಿಸಿದಳು.

“ನನ್ನ ಜೇಲಿಗೆ ಹಾಕ್ತೀರೇನ್ರಿ?” ರೇವವ್ವ ಕೇಳಿದಳು. ಹೆದರುವುದಕ್ಕೂ ತ್ರಾಣವಿಲ್ಲದ ದನಿ.

“ಇಲ್ಲ ಯವ್ವಾ” ಎಂದಳು ಫಿರದೋಸ್. “ತಂದಿ-ತಾಯಿಗೆ ಮೊದಲನೇ ಸಲ ಶಿಕ್ಷಾ ಇಲ್ಲ. ಮತ್ತ ಕಳಿಸಿದ್ರ ಮಾತ್ರ ಹತ್ತು ಸಾವಿರದ ಮಟ ದಂಡ ಬೀಳ್ತೈತಿ. ಕೇಸ್ ಆಗೂದು ಕೆಲಸಕ್ಕ ಇಟ್ಟಕೊಂಡವ್ರ ಮ್ಯಾಲೆ. ಅವ್ರಿಗೆ ಆರು ತಿಂಗಳಿಂದ ಎರಡು ವರ್ಷದ ತನಕ ಜೇಲು ಆಗಬಹುದು.”

“ಅಕಿ ನನಗ ಕೈಯಾಸರ ಆಗಾಕತ್ತಿದ್ಲರಿ. ನನ್ನ ಬಾಜೂಕ ಕುಂತು.”

“ನಿಮ್ಮ ಮನ್ಯಾಗ, ನಿಮ್ಮ ಸ್ವಂತ ಹೊಲದಾಗ, ಸಾಲಿ ಬಿಟ್ಟ ಮ್ಯಾಲೆ ಇಲ್ಲಾ ಸೂಟಿಯೊಳಗ ಕೈಯಾಸರ ಆದ್ರ ಕಾನೂನು ಬ್ಯಾಡ ಅನ್ನಂಗಿಲ್ಲ. ಅದೂ ಅಪಾಯದ ಕೆಲಸ ಇರಬಾರದು. ಆದ್ರ ಈ ಶೆಡ್ಡು ನಿಮ್ಮದಲ್ಲಲ್ಲ? ಮಂದಿ ಕೆಲಸಕ್ಕ ಹದಿನಾಲ್ಕರ ಒಳಗಿನ ಕೂಸು ಬರೂ ಹಂಗಿಲ್ಲ. ಅವ್ವನ ಬಾಜೂಕ ಕುಂತ್ರೂ ಅಷ್ಟ, ದೂರ ಕುಂತ್ರೂ ಅಷ್ಟ.”

ಇದನ್ನು ಇಷ್ಟು ದಿನ ರೇವವ್ವನಿಗೆ ಯಾರೂ ಹೇಳಿರಲಿಲ್ಲ; ಅವಳೂ ಕೇಳಿರಲಿಲ್ಲ.

ಹುಡುಗಿಯರನ್ನು ಅಂದೇ ವಿಜಯಪುರದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದರು. ತಂದೆ-ತಾಯಿ ಬರುವವರೆಗೆ ಬಾಲಕಿಯರ ಬಾಲಮಂದಿರದಲ್ಲಿ ಇಟ್ಟುಕೊಂಡರು. ಫೋನಿನಲ್ಲಿ ಸುದ್ದಿ ಕೇಳಿ ಧೂಳಪ್ಪ ಲಾರಿ ಬಿಟ್ಟು ಬಸ್ಸು ಹಿಡಿದು ಬಂದ. ಚಪ್ಪಲಿ ಕಳೆಯುವ ಮೊದಲೇ, “ಬಾಯಿ ಮುಚಗೊಂಡು ಕುಂದ್ರಾಕ ಏನಾಗಿತ್ತು ನಿನಗ?” ಎಂದು ಒದರಿದ.

“ಕೂಸು ಕೆಮ್ಮಾಕತ್ತಿತ್ತು” ಎಂದಳು ರೇವವ್ವ. ಅವನು ಚಪ್ಪಲಿ ಕಳೆದು ಒಳಗೆ ಬಂದ.

ಸಮಿತಿಯವರು ಇಬ್ಬರನ್ನೂ ಕೂರಿಸಿ, ಇನ್ನು ಮುಂದೆ ಕೆಲಸಕ್ಕೆ ಕಳಿಸುವುದಿಲ್ಲ ಎಂದು ಬರೆಸಿಕೊಂಡರು. ಆಮೇಲೆ ಭುವನೇಶ್ವರಿಯನ್ನು, ನಿನಗೇನು ಬೇಕವ್ವಾ ಎಂದು ಕೇಳಿದರು. ಹುಡುಗಿ ನೆಲ ನೋಡುತ್ತಲೇ ಕೇಳಿದಳು.

“ಪರೀಕ್ಷಾ ಆಗೂ ಮಟ ಇಲ್ಲೇ ಇರ್ಲ್ಯಾರಿ? ಇಲ್ಲಿ ಓದಾಕ ಹೊತ್ತು ಸಿಗ್ತೈತಿ.”

ಮನೆಗೆ ಕರೆದೊಯ್ಯಲೆಂದು ಮಗಳ ಇಸ್ತ್ರಿ ಮಾಡಿದ ಲಂಗ-ರವಿಕೆ ತಂದಿದ್ದ ರೇವವ್ವ ಚೀಲವನ್ನು ತೊಡೆಯ ಮೇಲೆ ಒತ್ತಿಕೊಂಡಳು. ಶಿಕ್ಷೆ ಇಲ್ಲ ಎಂದು ಫಿರದೋಸ್ ಹೇಳಿದ್ದಳು. ಇದಕ್ಕೇನು ಹೆಸರೋ ಅವಳಿಗೆ ಗೊತ್ತಾಗಲಿಲ್ಲ.

ಆದರೂ ಮನೆಯಲ್ಲೇ ಓದಲು ಹೊತ್ತು ಕೊಡುತ್ತೇವೆಂದು ಧೂಳಪ್ಪ ಮಾತು ಕೊಟ್ಟ ಮೇಲೆ ಅಂದು ಮಗಳನ್ನು ತಂದೆ-ತಾಯಿಯ ಜೊತೆಗೇ ಕಳಿಸಿದರು. ಪರೀಕ್ಷೆ ಮುಗಿಯುವವರೆಗೆ ಧೂಳಪ್ಪ ದೂರದ ಲಾರಿ ಹತ್ತಲಿಲ್ಲ. ನೀರು ತರುವುದು, ರೊಟ್ಟಿಗೆ ಹಿಟ್ಟು ನಾದುವುದು ಅವನ ಪಾಲಿಗೆ ಬಂತು. ಜೂನಿನಲ್ಲಿ ಸಿಂದಗಿಯ ಕಡೆ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಭುವನೇಶ್ವರಿಗೆ ಎಂಟನೆಯ ಇಯತ್ತೆಗೆ ಸೀಟು ಸಿಕ್ಕಿತು. ಹೋಗುವಾಗ ಅವಳು ಹಿಂತಿರುಗಿ ಕೈ ಮಾಡಿದಳು. ಅಷ್ಟರಮಟ್ಟಿಗೆ ಮನಸ್ಸು ತಿಳಿಯಾಗಿತ್ತು.

ಕಾಂತುವಿನ ಮೇಲಿನ ಕೇಸು ಇನ್ನೂ ನಡೆದಿದೆ. ರೇವವ್ವನನ್ನು ಅವನು ಮತ್ತೆ ಶೆಡ್ಡಿನೊಳಗೆ ಬಿಟ್ಟುಕೊಳ್ಳಲಿಲ್ಲ. ಈಗ ಅವಳು ಸಿಕ್ಕ ಹೊಲಕ್ಕೆ ಕಸ ತೆಗೆಯಲು ಹೋಗುತ್ತಾಳೆ, ಎಡಗೈಯಲ್ಲಿ. ನಾಲ್ಕು ಸಾಲು ತೆಗೆದು ಬದುವಿನ ಮೇಲೆ ಕೂರುತ್ತಾಳೆ, ಮತ್ತೆ ಏಳುತ್ತಾಳೆ. ಶೆಡ್ಡಿನ ಹೆಂಗಸರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಹುಮಾ ಮನೆಗೆ ಮರಳಿದ ಮೇಲೂ ಸಗೀರಾ ಬಹಳ ದಿನ ಮಾತು ಬಿಟ್ಟಿದ್ದಳು.

ಮೊನ್ನೆ ಅವಳೇ ಮನೆಯ ಬಾಗಿಲಿಗೆ ಬಂದಳು.

“ರೇವಕ್ಕಾ, ನನ್ನ ದೊಡ್ಡ ಮಗಗ ಹದಿನೈದು ತುಂಬೇತಿ. ಮುದ್ದೇಬಿಹಾಳದ ಕಡೆ ಕಲ್ಲಿನ ಕ್ವಾರಿಗೆ ಕರ್ಯಾಕತ್ತಾರ. ಹದಿನಾಲ್ಕು ದಾಟಿದ್ರ ನಡೀತೈತಿ ಅಂತಾರಲ್ಲ?”

“ಕ್ವಾರಿಗೆ ನಡ್ಯಂಗಿಲ್ಲ. ಗಣಿ, ಮದ್ದು-ಪಟಾಕಿ, ಅಂಥಾ ಅಪಾಯದ ಕೆಲಸಕ್ಕ ಹದಿನೆಂಟು ತುಂಬೂ ಮಟ ಕಳಸೂ ಹಂಗಿಲ್ಲ. ಯಾರರ ಒತ್ತಾಯ ಮಾಡಿದ್ರ ಮಕ್ಕಳ ಸಹಾಯವಾಣಿ ಒಂದು ಸೊನ್ನಿ ಒಂಬತ್ತು ಎಂಟಕ್ಕ ಫೋನ್ ಹಚ್ಚು.”

“ನಿನಗ್ಯಾರು ಹೇಳಿದ್ರು ಇದೆಲ್ಲಾ?”

“ಕೇಳಕೊಂಡು ಬಂದೇನಿ” ಎಂದಳು ರೇವವ್ವ. “ತಡಾ ಆತು. ಕುಂದ್ರು, ಚಾ ಮಾಡ್ತೇನಿ.”

ಸಗೀರಾ ಹೊಸ್ತಿಲ ಬಳಿ ಕುಳಿತಳು. ಕೈ ನೋಯುತ್ತಿದ್ದರೂ ರೇವವ್ವ ಒಲೆಯ ಕಡೆ ಹೋದಳು.