ಹೊಕ್ಕಿನ ಎಳೆ

ಬಟ್ಟೆ ಹೊಲಿಯುವ ಸೂಜಿಯಕ್ಕನನ್ನು ನಾನು ಮೊದಲು ಕಂಡ ದಿನ ಆಕೆ ನನ್ನ ಅಂಗಿಗೆ ಬೆಂಕಿ ಹಚ್ಚಿದಳು. ಇಡೀ ಅಂಗಿಗಲ್ಲ, ಅಂಚಿನಿಂದ ಎಳೆದ ಒಂದೇ ಒಂದು ಎಳೆಗೆ. ಅದು ಮುದುಡಿ ತುದಿಯಲ್ಲಿ ಕಪ್ಪು ಮಣಿಯಾಯಿತು.

"ಅಪ್ಪಟ ಹತ್ತಿ ಅಂದ್ರಲ್ಲ ಮೇಷ್ಟ್ರೇ? ಹತ್ತಿ ಬೂದಿ ಆಗತ್ತೆ. ಇದಕ್ಕೆ ಪಾಲಿಯೆಸ್ಟರ್ ಬೆರೆಸಿದಾರೆ, ಕರಗಿ ಅಂಟ್ಕೊಳ್ಳತ್ತೆ."

"ಇಸ್ತ್ರಿ ಕಾಟ ಇಲ್ಲ ಅಂತ ತಗೊಂಡೆನಮ್ಮ."

"ಪಾಠ ಹೇಳೋಕೆ ಧಾರಾಳ ಸಾಕು. ಒಲೆ ಮುಂದೆ ಮಾತ್ರ ಹೋಗ್ಬೇಡಿ!"

ಆಕೆಯ ಗಂಡ ಕಬ್ಬಿಣದ ಎರಕ ಹೊಯ್ಯುವವನು. ಅವನ ಮೇಲಂಗಿಗಳನ್ನು ಆಕೆಯೇ ಹತ್ತಿಯಲ್ಲಿ ಹೊಲಿಯುತ್ತಿದ್ದಳು. ಕಿಡಿ ಬಿದ್ದರೆ ಹತ್ತಿ ಸುಟ್ಟು ಉದುರುತ್ತದೆ. ಬೆರಕೆ ಬಟ್ಟೆ ಕರಗಿ ಚರ್ಮವನ್ನು ಕಚ್ಚುತ್ತದೆ.

ಒಂದು ಮಧ್ಯಾಹ್ನ ಗುಂಡಿ ಹಾಕಿಸಿಕೊಳ್ಳಲು ಆಕೆಯ ಅಂಗಡಿಯಲ್ಲಿ ಕುಳಿತಿದ್ದೆ. ಗಂಡ ಅಂದೇ ಹೊಸ ಮೇಲಂಗಿ ತೊಟ್ಟು ಹೋಗಿದ್ದ. ಅದರ ಚೂರೊಂದು ಮೇಜಿನ ಮೇಲಿತ್ತು. ನಾನು ಹಳೆಯ ಚಾಳಿಯಂತೆ, "ಉದ್ದದ ಎಳೆ ಹಾಸು, ಅಡ್ಡದ್ದು ಹೊಕ್ಕು. ಎರಡೂ ಸೇರಿ ಹಾಸುಹೊಕ್ಕು, ಜೋಡುಪದ" ಎಂದು ಶುರುಮಾಡಿದೆ.

ಆಕೆಯ ಕತ್ತರಿ ನಿಂತಿತು. "ನಾನು ಈ ಬಟ್ಟೇಲಿ ಹಾಸು ಮಾತ್ರ ಸುಟ್ಟು ನೋಡಿದ್ದು."

ಚೂರಿನಿಂದ ಅಡ್ಡ ಎಳೆಯೊಂದನ್ನು ಎಳೆದು ಕಡ್ಡಿ ಗೀರಿದಳು. ಎಳೆ ಮುದುಡಿತು. ಕಪ್ಪು ಮಣಿ ಬೆರಳಿಗಂಟಿದರೂ ಆಕೆಗೆ ಅರಿವಿರಲಿಲ್ಲ.

"ಈಗ ಎರಕದ ಹೊತ್ತು ಮೇಷ್ಟ್ರೇ!"

ಬರಿಗಾಲಲ್ಲೇ ಓಡಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ. ಕಾರ್ಖಾನೆಯ ಕಾವಲುಗಾರ ಗೇಟು ತೆಗೆಯಲಿಲ್ಲ. "ಎರಕ ಹೊಯ್ತಿದಾರೆ ತಾಯಿ, ಯಾರನ್ನೂ ಬಿಡೋ ಹಾಗಿಲ್ಲ." ಒಳಗಿನ ಗೋಡೆಯ ಮೇಲೆ ಕೆಂಪು ಬೆಳಕು ಕುಣಿಯಿತು. ಯಾರೋ ಕಿರುಚಿದರು. ಅದು ನೋವೋ, ಅಪ್ಪಣೆಯೋ ತಿಳಿಯಲಿಲ್ಲ.

"ರೀ! ಬಿಚ್ರೀ ಅದನ್ನ!" ಆಕೆಯ ದನಿ ಸೀಳಿಹೋಯಿತು.

ಕಾವಲುಗಾರ ಹೆದರಿ ಒಳಗೆ ಓಡಿದ. ಎಷ್ಟು ಹೊತ್ತಾಯಿತೋ. ಕೊನೆಗೆ ಗಂಡ ಬೆವರೊರೆಸುತ್ತ ಬಂದ. "ಏನೇ, ಊರಿಗೆಲ್ಲ ಕೇಳೋ ಹಾಗೆ?"

ಆಕೆ ಗುಂಡಿಗಳಿಗೆ ಕೈ ಹಾಕಿದಳು. ಎರಡೆಳೆ ಹಾಕಿ ತಾನೇ ಬಿಗಿದ ಗುಂಡಿಗಳು ಬೆರಳಿಗೆ ಬಗ್ಗಲಿಲ್ಲ, ಹಲ್ಲಿನಿಂದ ಹರಿದಳು. ಎದೆಯ ಮೇಲೆ ಕಿಡಿ ತಿಂದ ತೂತುಗಳು, ಸುತ್ತ ಗಟ್ಟಿ ಕಪ್ಪು ಅಂಚು. ಒಂದು ಮಣಿ ಬನಿಯನ್ನಿಗೆ ಅಂಟಿತ್ತು. ಅದರಾಚೆ ಇನ್ನೂ ಸುಡದ ಚರ್ಮ.

ಈಗ ಯಾವ ಬಟ್ಟೆ ಬಂದರೂ ಆಕೆ ಹಾಸಿನದೊಂದು, ಹೊಕ್ಕಿನದೊಂದು ಎಳೆ ಸುಡುತ್ತಾಳೆ. ಸಂಜೆ ಗಂಡ ಹೊಸ್ತಿಲಲ್ಲೇ ತೋಳು ಚಾಚಿ, "ಮುಟ್ಟಿ ನೋಡ್ತೀಯೋ, ಸುಟ್ಟು ನೋಡ್ತೀಯೋ?" ಎಂದು ರೇಗಿಸುತ್ತಾನೆ. ಆಕೆ ನಗದೆ ಮೊದಲು ಮಣಿಕಟ್ಟುಗಳನ್ನು ತಿರುಗಿಸಿ ನೋಡುತ್ತಾಳೆ. ಎರಕದ ಹೊತ್ತಿಗೆ ಮಾತ್ರ ಆಕೆಯ ಹೊಲಿಗೆ ಯಂತ್ರ ಸುಮ್ಮನಾಗುತ್ತದೆ. ಕಾಲು ತುಳಿಮಣೆಯ ಮೇಲೆ, ಕಿವಿ ಬೀದಿಯ ಕಡೆ.